ಡಾರ್ಕ್ ಫೈಬರ್ ಲಿಂಕ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು: ಬೆಂಗಳೂರಿನ ಸಣ್ಣ ನೆಟ್‌ವರ್ಕ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಪೀಣ್ಯದ ವರ್ಕ್‌ಶಾಪ್ ಆಗಲಿ, ಜಯನಗರದ ನರ್ಸಿಂಗ್ ಹೋಂ ಆಗಲಿ, ಗ್ರಾಹಕರಿಗೆ ಕಾಣುವುದು 'ನೆಟ್ ಇಲ್ಲ' ಅನ್ನೋದಷ್ಟೇ. ಅದರ ಹಿಂದೆ ಏನಾಗಿದೆ ಅಂತ ಹುಡುಕುವ ಕೆಲಸ ನಮ್ಮದು. ಮೊದಲೇ ನೆಲದಲ್ಲಿರುವ ಡಾರ್ಕ್ ಫೈಬರ್ (ಬೆಳಕು ಹಾಯಿಸದೆ ಖಾಲಿ ಬಿಟ್ಟ ಗಾಜಿನ ಎಳೆ) ಬಾಡಿಗೆಗೆ ತಗೊಂಡು, ಅದರ ಮೇಲೆ ವ್ಯಾಪಾರಸ್ಥರಿಗೆ ಇಂಟರ್ನೆಟ್ ಕೊಡುವ ಸಣ್ಣ ಐಎಸ್‌ಪಿಗಳ ಹುಡುಗರಿಗಾಗಿ ಇದನ್ನು ಬರೆದಿದ್ದೇನೆ.

ಸಾಮಾನ್ಯ ಲೀಸ್ಡ್ ಲೈನ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಗಾಜು ಮಾತ್ರ ಅವರದು, ಬೆಳಕು ನಿಮ್ಮದು. ಐಪಿ-1 ನೋಂದಣಿ (ಫೈಬರ್‌ನಂಥ ಮೂಲಸೌಕರ್ಯ ಕೊಡುವವರ ನೋಂದಣಿ) ಇರುವ ಕಂಪನಿ, ಅಂದರೆ ಗಾಜಿನ ಮಾಲೀಕರು, ಲೈಸೆನ್ಸ್ ಇರುವ ಐಎಸ್‌ಪಿಗೆ ಕೋರ್ (ಕೇಬಲ್‌ನೊಳಗಿನ ಒಂದು ಗಾಜಿನ ಎಳೆ) ಕೊಡುತ್ತಾರೆ, ಅದರಲ್ಲಿ ಬೆಳಕು ಓಡಿಸುವುದು ಅವರ ಕೆಲಸ ಅಲ್ಲ. ನಿಮ್ಮ ಕೋರ್‌ನ ತುದಿಯಲ್ಲಿ ಅವರ ಯಾವ ಉಪಕರಣವೂ ಇರುವುದಿಲ್ಲ. ಹಾಗಾಗಿ ಲಿಂಕ್ ಬಿದ್ದರೆ ಅವರ ಪರದೆಯಲ್ಲಿ ಯಾವ ಅಲಾರಂ ಕೂಡ ಬರಲ್ಲ. 'ಲಿಂಕ್ ಡೌನ್, ಬೇಗ ನೋಡಿ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಕೋರ್, ಯಾವ ತುದಿಯಿಂದ ಎಷ್ಟು ಕಿಲೋಮೀಟರ್‌ನಲ್ಲಿ, ಎಷ್ಟು ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ) ನಷ್ಟ ಅಂತ ನೀವೇ ಹೇಳಬೇಕು.

## ಎಲ್ಲಕ್ಕಿಂತ ಮುಂಚೆ: ಮೊದಲ ದಿನದ ಅಳತೆ

ಇದೊಂದು ಇಲ್ಲದಿದ್ದರೆ ಮುಂದಿನದೆಲ್ಲ ಊಹೆ. ಕೋರ್ ಕೈಗೆ ಬಂದ ದಿನವೇ ಎರಡೂ ತುದಿಯಿಂದ, 1310 ಮತ್ತು 1550 ನ್ಯಾನೊಮೀಟರ್ ತರಂಗ ಎರಡರಲ್ಲೂ ಓಟಿಡಿಆರ್ (ಗಾಜಿನೊಳಗೆ ಬೆಳಕಿನ ಪಲ್ಸ್ ಕಳಿಸಿ ಎಷ್ಟು ದೂರದಲ್ಲಿ ಎಷ್ಟು ನಷ್ಟ ಅಂತ ಗೆರೆಯಲ್ಲಿ ತೋರಿಸುವ ಯಂತ್ರ) ಟ್ರೇಸ್ ತೆಗೆದು ಇಟ್ಟುಕೊಳ್ಳಿ. ಲಿಂಕ್ ಹತ್ತಿಸಿದ ಮೇಲೆ ಎರಡೂ ಕಡೆ ಬರುತ್ತಿರುವ ಬೆಳಕಿನ ಪವರ್ ಎಷ್ಟು ಅಂತ ಬರೆದಿಡಿ. ಯಾವ ಜಾಯಿಂಟ್ ಯಾವ ರಸ್ತೆಯ ಯಾವ ಚೇಂಬರ್‌ನಲ್ಲಿದೆ (ನೆಲದೊಳಗಿನ ಕೇಬಲ್ ಗುಂಡಿ) ಅಂತ ಮಾಲೀಕರಿಂದ ರೂಟ್ ನಕ್ಷೆ ಕೇಳಿ. ಕೊಡಲು ಹಿಂದೇಟು ಹಾಕಿದರೂ ಬಿಡಬೇಡಿ, ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಜೊತೆಗೆ ಲೆಕ್ಕವನ್ನೂ ಮಾಡಿಡಿ. ಹಾದಿ 14 ಕಿ.ಮೀ. ಅಂತ ಇಟ್ಟುಕೊಳ್ಳಿ. 1310ರಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ ಹೋಗುತ್ತದೆ, ಅಂದರೆ 4.9. ಹನ್ನೆರಡು ಜಾಯಿಂಟ್‌ಗೆ ತಲಾ 0.1 ಅಂದರೆ 1.2. ನಾಲ್ಕು ಕನೆಕ್ಟರ್‌ಗೆ ತಲಾ 0.5 ಅಂದರೆ 2. ಒಟ್ಟು 8.1 ಡಿಬಿ. ಹತ್ತು ಗಿಗಾಬಿಟ್‌ನ ಎಲ್‌ಆರ್ ಮಾಡ್ಯೂಲ್ (ಸ್ವಿಚ್‌ಗೆ ಸಿಕ್ಕಿಸುವ, ಬೆಳಕು ಕಳಿಸಿ ಪಡೆಯುವ ಭಾಗ) ಕನಿಷ್ಠ ಮೈನಸ್ 8.2 ಡಿಬಿಎಂ (ಬೆಳಕಿನ ಪವರ್‌ನ ಅಳತೆ) ಕಳಿಸಿ, ಮೈನಸ್ 14.4ರ ತನಕ ಓದುತ್ತದೆ. ಅಂದರೆ ಭರವಸೆ ಇರುವುದು 6.2 ಡಿಬಿಗೆ ಮಾತ್ರ. ಒಳ್ಳೆಯ ಮಾಡ್ಯೂಲ್ ಜಾಸ್ತಿ ಪವರ್ ಕಳಿಸುವುದರಿಂದ ಮೊದಲ ದಿನ ಲಿಂಕ್ ಹತ್ತಬಹುದು. ಆದರೆ ಒಂದೆರಡು ಸಲ ಕೇಬಲ್ ಕಟ್ ಆಗಿ ಹೊಸ ಜಾಯಿಂಟ್ ಬಿದ್ದರೆ ಸಾಕು, ಅದು ಒದ್ದಾಡಲು ಶುರು ಮಾಡುತ್ತದೆ. ಇದೇ ಹಾದಿಗೆ 1550ರ ಇಆರ್ (ಇನ್ನೂ ದೂರ ಹೋಗುವ ಮಾಡ್ಯೂಲ್) ಹಾಕಿದರೆ ಗಾಜಿನ ನಷ್ಟ ಸುಮಾರು 3 ಡಿಬಿಗೆ ಇಳಿಯುತ್ತದೆ, ಭರವಸೆಯ ಮಿತಿ 11 ಡಿಬಿ ತನಕ ಹೋಗುತ್ತದೆ. ಬೆಂಗಳೂರಿನ ರಸ್ತೆಗಳನ್ನು ನೋಡಿದರೆ 3 ಡಿಬಿ ಉಳಿಕೆ ಇಲ್ಲದ ಲಿಂಕ್ ಕಟ್ಟಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

## ಕಣ್ಣು, ಗಾಜು, ಕರೆಂಟು

ಫೈಬರ್‌ನಲ್ಲಿ ಓಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. 'ಬೆಳಕು ಬರ್ತಿದ್ಯಾ ನೋಡೋಣ' ಅಂತ ತುದಿಯನ್ನು ಕಣ್ಣಿನ ಹತ್ತಿರ ತರಬೇಡಿ. ಪವರ್ ಮೀಟರ್ ಇರುವುದು ಅದಕ್ಕೇ. ಸೂಕ್ಷ್ಮದರ್ಶಕದಲ್ಲಿ ಕನೆಕ್ಟರ್ ನೋಡುವುದಾದರೆ ಕ್ಯಾಮೆರಾ ಇರುವ ಸ್ಕೋಪ್ ಬಳಸಿ, ಎರಡೂ ತುದಿ ಬಿಚ್ಚಿರಲಿ. ಸ್ಪ್ಲೈಸಿಂಗ್ (ಗಾಜಿನ ಎಳೆಗಳನ್ನು ಜೋಡಿಸುವುದು) ಮಾಡುವಾಗ ಕತ್ತರಿಸಿದ ಗಾಜಿನ ಚೂರು ಚರ್ಮದೊಳಗೆ ಹೋದರೆ ಹುಡುಕಿ ತೆಗೆಯೋದು ಬಹಳ ಕಷ್ಟ. ಅದಕ್ಕೇ ಚೂರುಗಳಿಗೆ ಮುಚ್ಚಳದ ಡಬ್ಬಿ ಇಡಿ, ಕನ್ನಡಕ ಹಾಕಿ, ಆ ಜಾಗದಲ್ಲಿ ಏನನ್ನೂ ತಿನ್ನಬೇಡಿ.

ಕಂಬದ ವಿಷಯದಲ್ಲಿ ರಾಜಿ ಬೇಡ. ಬೆಸ್ಕಾಂ ಕಂಬದ ಮೇಲೆ ಹೋಗಿರುವ ಕೇಬಲ್‌ಗೆ ಉಕ್ಕಿನ ತಂತಿ ಇರುತ್ತದೆ. ಅದು ಜೋತುಬಿದ್ದು ವಿದ್ಯುತ್ ತಂತಿಗೆ ತಾಗಿದ್ದರೆ ಆ ಕೇಬಲ್‌ನಲ್ಲೇ ಕರೆಂಟ್ ಇರಬಹುದು. ಮುಟ್ಟಬೇಡಿ, ಜನರನ್ನು ದೂರ ನಿಲ್ಲಿಸಿ, 1912ಕ್ಕೆ ಕರೆ ಮಾಡಿ. ಮುಚ್ಚಿದ ಚೇಂಬರ್‌ಗೆ ಒಬ್ಬರೇ ಇಳಿಯುವುದೂ ಅಷ್ಟೇ ಅಪಾಯ. ಪಕ್ಕದಲ್ಲೇ ಒಳಚರಂಡಿ ಹಾದುಹೋಗಿರುವ ಕಡೆ ಒಳಗೆ ವಿಷಗಾಳಿ ತುಂಬಿರಬಹುದು.

## ಲಕ್ಷಣ: ಲಿಂಕ್ ಪೂರ್ತಿ ಸತ್ತಿದೆ

ಮೊದಲು ಎರಡೂ ತುದಿಯಲ್ಲಿ ಉಪಕರಣಕ್ಕೆ ಕರೆಂಟ್ ಇದೆಯಾ ನೋಡಿ. ಡಾರ್ಕ್ ಫೈಬರ್‌ನ ಹಾದಿಯಲ್ಲಿ ಎಲ್ಲೂ ವಿದ್ಯುತ್ ಬೇಕಾಗಿಲ್ಲ. ಏರಿಯಾದಲ್ಲಿ ಕರೆಂಟ್ ಹೋದ ಹೊತ್ತಿಗೇ ಲಿಂಕ್ ಬಿದ್ದಿದ್ದರೆ ದೋಷ ರಸ್ತೆಯಲ್ಲಿರುವ ಸಾಧ್ಯತೆ ಕಡಿಮೆ. ಗ್ರಾಹಕರ ನೆಲಮಾಳಿಗೆಯ ರ್ಯಾಕ್, ಅಲ್ಲಿನ ಯುಪಿಎಸ್, ಸೆಕ್ಯೂರಿಟಿಯವರು ತೆಗೆದುಬಿಟ್ಟ ಪ್ಲಗ್ ನೋಡಿ.

ಕರೆಂಟ್ ಸರಿಯಿದ್ದರೆ ಸ್ವಿಚ್‌ಗೆ ಲಾಗಿನ್ ಆಗಿ ಬರುವ ಪವರ್ ಓದಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಎರಡೂ ಕಡೆ ಮೈನಸ್ 40 ಅಥವಾ 'ಬೆಳಕಿಲ್ಲ' ಅಂತ ತೋರಿಸಿದರೆ ಕೇಬಲ್ಲೇ ಕಟ್ ಆಗಿರುವ ಸಾಧ್ಯತೆ ಹೆಚ್ಚು. ಒಂದೇ ಕಡೆ ಬೆಳಕಿಲ್ಲ, ಇನ್ನೊಂದು ಕಡೆ ಮಾಮೂಲಿ ಇದೆ ಅಂದರೆ ಕೇಬಲ್ ಕಟ್ ಆಗಿಲ್ಲ. ಒಂದು ಕೋರ್ ಹೋಗಿದೆ, ಇಲ್ಲವೇ ಎದುರಿನ ಮಾಡ್ಯೂಲ್ ಬೆಳಕು ಕಳಿಸುತ್ತಿಲ್ಲ, ಇಲ್ಲವೇ ಎಫ್‌ಎಂಎಸ್‌ನಲ್ಲಿ (ಕೇಬಲ್‌ನ ಕೋರ್‌ಗಳು ಬಂದು ಕೂರುವ ಪೆಟ್ಟಿಗೆ) ಯಾರೋ ಬೇರೆ ಕೆಲಸಕ್ಕೆ ಬಂದವರು ನಿಮ್ಮ ಪ್ಯಾಚ್ ಕಾರ್ಡ್ (ಅಲ್ಲಿಂದ ಉಪಕರಣಕ್ಕೆ ಹೋಗುವ ಗಿಡ್ಡ ಫೈಬರ್) ಎಳೆದಿದ್ದಾರೆ. ಎರಡೂ ಕಡೆ ಬೆಳಕು ಚೆನ್ನಾಗಿ ಬರುತ್ತಿದ್ದೂ ಲಿಂಕ್ ಏಳುತ್ತಿಲ್ಲ ಅಂದರೆ ಗಾಜಿನ ತಂಟೆಗೆ ಹೋಗಲೇಬೇಡಿ. ಪೋರ್ಟ್ ಶಟ್‌ಡೌನ್ ಆಗಿದೆಯಾ, ಒಂದು ಕಡೆ 1 ಗಿಗಾ ಇನ್ನೊಂದು ಕಡೆ 10 ಗಿಗಾ ಇದೆಯಾ ನೋಡಿ.

ಆಮೇಲೆ ಪ್ಯಾಚ್ ಕಾರ್ಡ್ ಬದಲಿಸಿ. ಮಾಡ್ಯೂಲ್ ಬದಲಿಸಿ. ಮಾಡ್ಯೂಲ್‌ನ ಬಾಯಿಗೆ ಅದೇ ಮಾಡ್ಯೂಲ್‌ನ ಬೆಳಕನ್ನು ಪ್ಯಾಚ್ ಕಾರ್ಡ್‌ನಿಂದ ತಿರುಗಿಸಿ ಕೊಟ್ಟು ಲಿಂಕ್ ಏಳುತ್ತದಾ ನೋಡಬಹುದು. ಆದರೆ ಇಆರ್, ಜಡ್‌ಆರ್ ಮಾಡ್ಯೂಲ್‌ಗೆ ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ತುಂಡು) ಇಲ್ಲದೆ ಹೀಗೆ ಮಾಡಬೇಡಿ. 80 ಕಿ.ಮೀ.ಯ ಜಡ್‌ಆರ್ ಮೈನಸ್ 7 ಡಿಬಿಎಂಗಿಂತ ಜಾಸ್ತಿ ಬೆಳಕು ತಡೆಯುವುದಿಲ್ಲ, ರಿಸೀವರ್ ಸುಟ್ಟುಹೋಗಬಹುದು.

ಇಷ್ಟೆಲ್ಲ ಆದ ಮೇಲೆ ಓಟಿಡಿಆರ್. ಹಚ್ಚುವ ಮುಂಚೆ ಎದುರಿನ ತುದಿಯಲ್ಲಿ ಕೋರ್ ಬಿಚ್ಚಿಸಿ. ಓಟಿಡಿಆರ್‌ನ ಪಲ್ಸ್ ಬಲವಾಗಿರುತ್ತದೆ, ಅಲ್ಲಿನ ಮಾಡ್ಯೂಲ್‌ಗೆ ಪೆಟ್ಟು ಬೀಳಬಹುದು. ಅತ್ತಲಿಂದ ಬರುವ ಬೆಳಕು ನಿಮ್ಮ ಓಟಿಡಿಆರ್‌ಗೂ ಒಳ್ಳೆಯದಲ್ಲ. ಶುರುವಿನಲ್ಲಿ ಲಾಂಚ್ ಕೇಬಲ್ (ಓಟಿಡಿಆರ್‌ಗೂ ಹಾದಿಗೂ ಮಧ್ಯೆ ಹಾಕುವ ಉದ್ದ ಫೈಬರ್) ಹಾಕದಿದ್ದರೆ ಮೊದಲ ಕನೆಕ್ಟರ್‌ನ ದೋಷ ಡೆಡ್ ಜೋನ್‌ನಲ್ಲಿ (ಓಟಿಡಿಆರ್‌ಗೆ ಏನೂ ಕಾಣದ ಶುರುವಿನ ದೂರ) ಮುಚ್ಚಿಹೋಗುತ್ತದೆ.

## ಕಟ್ ಎಲ್ಲಿದೆ ಅಂತ ರಸ್ತೆಯಲ್ಲಿ ಹುಡುಕುವುದು

ಓಟಿಡಿಆರ್ 5.1 ಕಿ.ಮೀ. ಅಂತ ತೋರಿಸಿದರೆ ಗಾಡಿಯ ಮೀಟರ್ ನೋಡಿಕೊಂಡು 5.1 ಕಿ.ಮೀ. ಹೋಗಿ ನಿಲ್ಲಬೇಡಿ. ಓಟಿಡಿಆರ್ ಅಳೆಯುವುದು ಗಾಜಿನ ಉದ್ದ. ಟ್ಯೂಬ್ ಒಳಗೆ ಗಾಜು ಸ್ವಲ್ಪ ಸುತ್ತಿಕೊಂಡಿರುತ್ತದೆ, ಪ್ರತಿ ಚೇಂಬರ್‌ನಲ್ಲಿ ಸ್ಲ್ಯಾಕ್ (ಹೆಚ್ಚುವರಿ ಕೇಬಲ್) ಸುರುಳಿ ಇರುತ್ತದೆ. ಹಾಗಾಗಿ ನಿಜವಾದ ಜಾಗ ಸಾಮಾನ್ಯವಾಗಿ ಇನ್ನೂ ಈಚೆಗೇ ಇರುತ್ತದೆ. ಸರಿಯಾದ ದಾರಿ ಅಂದರೆ, ಹಳೆಯ ಟ್ರೇಸ್ ಪಕ್ಕದಲ್ಲಿಟ್ಟು, ಕಟ್‌ಗೆ ಅತಿ ಹತ್ತಿರದ ಗೊತ್ತಿರುವ ಜಾಯಿಂಟ್ ಯಾವುದು ಅಂತ ಗುರುತಿಸಿ, ಅಲ್ಲಿಂದ ಎಷ್ಟು ಮೀಟರ್ ಅಂತ ಲೆಕ್ಕ ಹಾಕಿ. 5 ಕಿಲೋಮೀಟರ್‌ನಲ್ಲಿ ಆಗುವ ತಪ್ಪಿಗಿಂತ 200 ಮೀಟರ್‌ನಲ್ಲಿ ಆಗುವ ತಪ್ಪು ತುಂಬ ಚಿಕ್ಕದು, ಅಲ್ವಾ?

ಎರಡೂ ತುದಿಯಿಂದ ಅಳೆಯುವುದನ್ನು ಮಾತ್ರ ತಪ್ಪಿಸಬೇಡಿ. ಒಟ್ಟು ಉದ್ದ 14.2 ಕಿ.ಮೀ. ಇರುವ ಹಾದಿಯಲ್ಲಿ ಒಂದು ಕಡೆಯಿಂದ 5.1, ಇನ್ನೊಂದು ಕಡೆಯಿಂದ 9.1 ಬಂದರೆ ಕಟ್ ಒಂದೇ. ಅದೇ ಇನ್ನೊಂದು ಕಡೆಯಿಂದ 8.6 ಮಾತ್ರ ಬಂದರೆ ಮಧ್ಯೆ ಅರ್ಧ ಕಿಲೋಮೀಟರ್ ಲೆಕ್ಕ ತಪ್ಪಿದೆ. ಒಂದೋ ಎರಡು ಕಡೆ ಕಟ್ ಆಗಿದೆ, ಇಲ್ಲವೇ ಜೆಸಿಬಿ ಕೇಬಲ್ ಹಿಡಿದು ಎಳೆದಿದೆ. ಎಳೆದಾಗ ಕೇಬಲ್ ಅಗೆದ ಜಾಗದಲ್ಲಷ್ಟೇ ಅಲ್ಲ, ದೂರದ ಜಾಯಿಂಟ್‌ನಲ್ಲೂ ಕಿತ್ತುಬರುತ್ತದೆ. ಇದು ಗೊತ್ತಿಲ್ಲದಿದ್ದರೆ ಒಂದು ಕಡೆ ಜೋಡಿಸಿ, ಲಿಂಕ್ ಏಳಲಿಲ್ಲ ಅಂತ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಜಾಗದ ಹತ್ತಿರ ಬಂದ ಮೇಲೆ ಕಣ್ಣೇ ದೊಡ್ಡ ಉಪಕರಣ. ಹೊಸದಾಗಿ ಮುಚ್ಚಿದ ಮಣ್ಣು, ಜಲಮಂಡಳಿಯ ಪೈಪ್ ಕೆಲಸ, ಗ್ಯಾಸ್ ಪೈಪ್‌ಗೆ ಹಾಕಿದ ಎಚ್‌ಡಿಡಿ (ನೆಲದಡಿ ಅಡ್ಡ ಕೊರೆಯುವ) ಯಂತ್ರ, ಮೆಟ್ರೊ ಕಾಮಗಾರಿಯ ಬ್ಯಾರಿಕೇಡ್, ಮುರಿದ ಮರದ ಕೊಂಬೆ, ಕಂಬದ ಬುಡದಲ್ಲಿ ಕಸ ಸುಟ್ಟ ಕಪ್ಪು ಗುರುತು, ಇವನ್ನು ನೋಡಿ. ಪಕ್ಕದ ಟೀ ಅಂಗಡಿಯವರನ್ನು ಕೇಳಿ, ನಿನ್ನೆ ರಾತ್ರಿ ಯಾರು ಅಗೆದರು ಅಂತ ಅವರಿಗೆ ಗೊತ್ತಿರುತ್ತದೆ.

ನಿಮ್ಮ ಕೆಲಸ ಇಲ್ಲಿಗೆ ನಿಲ್ಲಬೇಕು. ಮಾಲೀಕರ ಜಾಯಿಂಟ್ ಬಾಕ್ಸ್ ತೆರೆಯಬೇಡಿ. ಅದರೊಳಗೆ ಬೇರೆಯವರ ಕೋರ್‌ಗಳೂ ಇರುತ್ತವೆ, ಅದರಲ್ಲಿ ಒಂದು ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ ಆಗಿರಬಹುದು. ಜಾಗದ ಫೋಟೊ, ಲೊಕೇಶನ್, ಟ್ರೇಸ್ ಮೂರನ್ನೂ ಮಾಲೀಕರ ತಂಡಕ್ಕೆ ಕಳಿಸಿ.

ಇನ್ನೊಂದು ಮಾತು. 2023ರ ಮಾರ್ಚ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಅಗೆಯುವವರು ಮುಂಚೆ ತಿಳಿಸಿದರೆ ಅಲ್ಲಿ ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ನಿಮ್ಮ ಹಾದಿಯನ್ನು ಮಾಲೀಕರು ಅದರಲ್ಲಿ ನಮೂದಿಸಿದ್ದಾರಾ ಅಂತ ಈಗಲೇ ಕೇಳಿ.

## ಲಕ್ಷಣ: ಲಿಂಕ್ ಇದೆ, ಆದರೆ ಎರರ್ ಏರುತ್ತಿದೆ

ಗ್ರಾಹಕರು 'ವಿಡಿಯೊ ಕಾಲ್ ಕಟ್ ಕಟ್ ಆಗ್ತಿದೆ' ಅನ್ನುತ್ತಾರೆ. ಪೋರ್ಟ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಬಂದ ಡೇಟಾದ ಎಣಿಕೆ) ಏರುತ್ತಿದೆ. ಬರುವ ಪವರ್ ಮೊದಲ ದಿನಕ್ಕಿಂತ ಕಡಿಮೆ. ಇಲ್ಲಿ ನೆನಪಿಡಬೇಕಾದ್ದು, ಮಾಡ್ಯೂಲ್ ಒಳಗಿನ ಅಳತೆಗೆ ಪ್ಲಸ್ ಮೈನಸ್ 3 ಡಿಬಿ ತಪ್ಪು ಇರಬಹುದು ಅಂತ ಅದರ ಮಾನದಂಡವೇ ಒಪ್ಪುತ್ತದೆ. ಒಂದು ಅಂಕಿ ನೋಡಿ ತೀರ್ಮಾನಿಸಬೇಡಿ. ಅದೇ ಮಾಡ್ಯೂಲ್ ಹೋದ ತಿಂಗಳು ಎಷ್ಟು ತೋರಿಸುತ್ತಿತ್ತು, ಈಗ ಎಷ್ಟು ಅನ್ನುವುದನ್ನು ನಂಬಿ. 3 ಡಿಬಿ ಇಳಿದಿದೆ ಅಂದರೆ ಬೆಳಕು ಅರ್ಧ ಆಗಿದೆ.

ಮೊದಲು ಕ್ಲೀನಿಂಗ್. ಕೋರ್‌ನ ಬೆಳಕು ಹೋಗುವ ಜಾಗ ಕೇವಲ 9 ಮೈಕ್ರಾನ್. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅದನ್ನು ಮುಚ್ಚಿಬಿಡುತ್ತದೆ. ಸ್ಕೋಪ್‌ನಲ್ಲಿ ನೋಡಿ, ಒಣ ಕ್ಲಿಕ್ ಕ್ಲೀನರ್‌ನಿಂದ ಒರೆಸಿ, ಮತ್ತೆ ನೋಡಿ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಕೊನೆಗೆ ಒಣ ಬಟ್ಟೆಯಿಂದ ಮುಗಿಸಿ. ಅಂಗಿಯ ತುದಿಗೆ ಒರೆಸುವುದು, ಬಾಯಿಂದ ಊದುವುದು ಬೇಡ. ಪ್ಯಾಚ್ ಕಾರ್ಡ್ ಮಾತ್ರ ಅಲ್ಲ, ಅಡಾಪ್ಟರ್‌ನ ಆಚೆ ಬದಿ ಮತ್ತು ಮಾಡ್ಯೂಲ್‌ನ ಬಾಯಿ ಕೂಡ ಕ್ಲೀನ್ ಆಗಬೇಕು. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ತೆರೆದಿಟ್ಟ ಪೋರ್ಟ್‌ಗೆ ಸಿಮೆಂಟ್ ಧೂಳು ಕೂರುವುದು ತಡ ಆಗಲ್ಲ, ಮುಚ್ಚಳ ಹಾಕಿಡಿ.

ಆಮೇಲೆ ಬಣ್ಣ ನೋಡಿ. ಹಸಿರು ಕನೆಕ್ಟರ್ ಎಪಿಸಿ, ಅದರ ತುದಿ 8 ಡಿಗ್ರಿ ಓರೆ. ನೀಲಿ ಯುಪಿಸಿ, ಅದು ನೇರ. ಹಸಿರನ್ನು ನೀಲಿಗೆ ಚುಚ್ಚಿದರೆ ಮಧ್ಯೆ ಸಂದು ಉಳಿಯುತ್ತದೆ. ಲಿಂಕ್ ಕೆಲವೊಮ್ಮೆ ಏಳುತ್ತದೆ, ಅದಕ್ಕೇ ಯಾರೂ ಗಮನಿಸುವುದಿಲ್ಲ.

ಇದ್ಯಾವುದೂ ಅಲ್ಲದಿದ್ದರೆ 1310 ಮತ್ತು 1550 ಟ್ರೇಸ್ ಎರಡನ್ನೂ ಹೋಲಿಸಿ. ಈ ಒಂದು ಹೋಲಿಕೆ ಎಷ್ಟೋ ವಾದವನ್ನು ಮುಗಿಸುತ್ತದೆ. ಒಂದೇ ಜಾಗದಲ್ಲಿ 1310ರಲ್ಲಿ 0.1 ಡಿಬಿ, 1550ರಲ್ಲಿ 1 ಡಿಬಿಗಿಂತ ಜಾಸ್ತಿ ನಷ್ಟ ಇದ್ದರೆ ಅಲ್ಲಿ ಫೈಬರ್ ಬಗ್ಗಿದೆ. ಬಾಗಿದಾಗ ಉದ್ದ ತರಂಗದ ಬೆಳಕು ಮೊದಲು ಸೋರುತ್ತದೆ. ಟ್ರೇನಲ್ಲಿ ಬಿಗಿಯಾಗಿ ಸುತ್ತಿರಬಹುದು, ಕೇಬಲ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಎಳೆದು ಕಟ್ಟಿರಬಹುದು, ಕೇಬಲ್ ಮೇಲೆ ಕಲ್ಲು ಬಿದ್ದಿರಬಹುದು. ಎರಡರಲ್ಲೂ ನಷ್ಟ ಒಂದೇ ಥರ ಇದ್ದರೆ ಕೆಟ್ಟ ಜಾಯಿಂಟ್ ಅಥವಾ ಕೊಳೆಯಾದ ಕನೆಕ್ಟರ್. ಬಾಗಿರುವುದು ನಿಮ್ಮ ರ್ಯಾಕ್ ಒಳಗೇ ಇದ್ದರೆ ಕೈಯಿಂದಲೇ ಸರಿಮಾಡಬಹುದು. ರಸ್ತೆಯಲ್ಲಿದ್ದರೆ ಟ್ರೇಸ್ ಸಮೇತ ಮಾಲೀಕರಿಗೆ ಕೊಡಿ.

ಜಾಯಿಂಟ್‌ನಲ್ಲಿ ನಷ್ಟದ ಬದಲು ಪವರ್ ಏರಿದಂತೆ ಕಂಡರೆ ಗಾಬರಿಯಾಗಬೇಡಿ. ಎರಡು ಬೇರೆ ಥರದ ಗಾಜು ಕೂಡಿದಾಗ ಹಾಗೆ ಕಾಣುತ್ತದೆ. ಎರಡೂ ದಿಕ್ಕಿನ ಅಳತೆಯ ಸರಾಸರಿಯೇ ನಿಜವಾದ ನಷ್ಟ.

## ಲಕ್ಷಣ: ಬರುತ್ತೆ, ಹೋಗುತ್ತೆ

ಇಲ್ಲಿ ಕೈ ಹಾಕುವ ಮುಂಚೆ ಲಾಗ್ ಓದಿ. ಬೀಳುವ ಹೊತ್ತು ಯಾವುದು ಅನ್ನುವುದರಲ್ಲೇ ಕಾರಣ ಇರುತ್ತದೆ.

ಮಳೆ ಬಂದಾಗ ಪವರ್ ನಿಧಾನಕ್ಕೆ ಇಳಿದು, ಒಣಗಿದ ಮೇಲೆ ಏರಿದರೆ ಯಾವುದೋ ಜಾಯಿಂಟ್ ಬಾಕ್ಸ್‌ಗೆ ನೀರು ನುಗ್ಗಿದೆ. ಗಾಳಿ ಜೋರಾದಾಗ ಕ್ಷಣ ಕ್ಷಣಕ್ಕೂ ಕುಣಿದರೆ ಮೇಲೆ ಹೋಗಿರುವ ಕೇಬಲ್ ಕೊಂಬೆಗೆ ಉಜ್ಜುತ್ತಿದೆ. ಏಪ್ರಿಲ್, ಮೇನಲ್ಲಿ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆಗಳು ಮುರಿಯುವ ಹೊತ್ತಲ್ಲಿ ಇದು ಜಾಸ್ತಿ. ದಿನಾ ಮಧ್ಯಾಹ್ನವೇ ಬಿದ್ದು ಸಂಜೆ ಸರಿಹೋದರೆ ಮಾಡ್ಯೂಲ್‌ನ ಉಷ್ಣತೆ ನೋಡಿ. ಮಾಮೂಲಿ ಮಾಡ್ಯೂಲ್ ತಡೆಯುವುದು 70 ಡಿಗ್ರಿ ತನಕ. ತಾರಸಿಯ ತಗಡಿನ ಪೆಟ್ಟಿಗೆಯಲ್ಲಿ ಅದನ್ನು ಮುಟ್ಟುವುದು ಕಷ್ಟವೇನಲ್ಲ. 85 ಡಿಗ್ರಿ ತಡೆಯುವ ಇಂಡಸ್ಟ್ರಿಯಲ್ ಮಾಡ್ಯೂಲ್ ಹಾಕಿ, ಪೆಟ್ಟಿಗೆಗೆ ನೆರಳು ಮಾಡಿ.

ಪವರ್ ಸ್ವಲ್ಪವೂ ಅಲುಗಾಡದೆ ಲಿಂಕ್ ಮಾತ್ರ ಬಿದ್ದೇಳುತ್ತಿದ್ದರೆ ಮಾಡ್ಯೂಲ್, ಪೋರ್ಟ್ ಅಥವಾ ಸ್ವಿಚ್ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ.

ಹೆಗ್ಗಣದ ಕಾಟವನ್ನು ಮರೆಯಬೇಡಿ. ನೆಲಮಾಳಿಗೆಯಲ್ಲಿ, ಡಕ್ಟ್ (ಕೇಬಲ್ ಹಾಯುವ ಪೈಪ್) ಬಾಯಿಯಲ್ಲಿ ಕೇಬಲ್‌ನ ಸಿಪ್ಪೆ ಕಡಿದಿರುತ್ತವೆ. ಮೊದಲು ಒಂದು ಕೋರ್, ಕೆಲವು ದಿನದ ಮೇಲೆ ಪಕ್ಕದ ಕೋರ್ ಹೀಗೆ ಒಂದೊಂದಾಗಿ ಹೋಗುತ್ತಿದ್ದರೆ ಅದರದ್ದೇ ಗುರುತು. ಡಕ್ಟ್ ಬಾಯಿ ಮುಚ್ಚಿ, ಅಷ್ಟು ದೂರಕ್ಕೆ ಆರ್ಮರ್ಡ್ ಕೇಬಲ್ ಹಾಕಿಸಿ.

## ಲಕ್ಷಣ: ಹೊಸ ಲಿಂಕ್ ಮೊದಲ ದಿನವೇ ಏಳುತ್ತಿಲ್ಲ

ಕಳಿಸುವ, ಪಡೆಯುವ ಕೋರ್ ಅದಲುಬದಲು ಮಾಡಿ ನೋಡಿ. ಒಂದೇ ಕೋರ್‌ನಲ್ಲಿ ಕಳಿಸಿ ಪಡೆಯುವ 10 ಗಿಗಾದ ಬೈಡಿ ಮಾಡ್ಯೂಲ್ ಆದರೆ ಒಂದು ಕಡೆ 1270 ಕಳಿಸುವುದು, ಇನ್ನೊಂದು ಕಡೆ 1330 ಕಳಿಸುವುದು ಇರಬೇಕು. ಎರಡೂ ಕಡೆ ಒಂದೇ ಥರದ್ದು ಹಾಕಿದರೆ ಎಂದೂ ಏಳುವುದಿಲ್ಲ. 25 ಅಥವಾ 100 ಗಿಗಾ ಆದರೆ ಎರಡೂ ಕಡೆ ಎಫ್‌ಇಸಿ (ದಾರಿಯ ತಪ್ಪು ತಿದ್ದುವ) ಸೆಟ್ಟಿಂಗ್ ಒಂದೇ ಇದೆಯಾ ನೋಡಿ.

ಅದೂ ಸರಿಯಿದ್ದರೆ ಮಧ್ಯೆ ಎಲ್ಲೋ ಕೋರ್ ದಾಟಿದೆ. 12 ಕೋರ್‌ಗಳ ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಆಕಾಶನೀಲಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಬೂದು ಬಿಳಿಯಂತೆ, ಗುಲಾಬಿ ಕೆಂಪಿನಂತೆ ಕಾಣುತ್ತದೆ. ಒಂದು ತುದಿಯಿಂದ ಲೈಟ್ ಸೋರ್ಸ್ ಹಾಕಿ, ಇನ್ನೊಂದು ತುದಿಯಲ್ಲಿ ಪಕ್ಕದ ಕೋರ್‌ಗಳನ್ನೂ ಮೀಟರ್‌ನಿಂದ ಹುಡುಕಿ. ಆದರೆ ಬೇರೆಯವರ ಲೈವ್ ಕೋರ್ ಬಿಚ್ಚಬೇಡಿ. ಖಾಲಿ ಯಾವುದು ಅಂತ ಮಾಲೀಕರಿಂದ ಖಚಿತ ಮಾಡಿಕೊಂಡೇ ಮುಟ್ಟಿ.

## ಲಕ್ಷಣ: ಗಾಜು ಚೆನ್ನಾಗಿದೆ, ಗ್ರಾಹಕರು ಮಾತ್ರ 'ಸ್ಲೋ' ಅನ್ನುತ್ತಾರೆ

ಮೊದಲು ಎರಡು ತುದಿಯ ಮಧ್ಯೆ ಪಿಂಗ್ ಮಾಡಿ. ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು ಸುಮಾರು 5 ಮೈಕ್ರೊಸೆಕೆಂಡ್ ಬೇಕು. 14 ಕಿ.ಮೀ. ಹೋಗಿ ಬರಲು 0.14 ಮಿಲಿಸೆಕೆಂಡ್. ಉಪಕರಣದ ಸಮಯ ಸೇರಿಸಿದರೂ 1 ಮಿಲಿಸೆಕೆಂಡ್ ದಾಟಬಾರದು. 10, 20 ಬಂದರೆ ಟ್ರಾಫಿಕ್ ತುಂಬಿದೆ, ಇಲ್ಲವೇ ಬೇರೆ ದಾರಿ ಹಿಡಿದಿದೆ.

ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಅಂದರೆ ಅದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಮಸ್ಯೆ. ತುಂಡು ಮಾಡಬೇಡ ಅನ್ನುವ ಗುರುತು ಹಾಕಿ 1472 ಬೈಟ್‌ನ ಪಿಂಗ್ ಕಳಿಸಿ. ಹೋಗದಿದ್ದರೆ ಮಧ್ಯೆ ಯಾವುದೋ ಸ್ವಿಚ್ 1500ರ ಪೂರ್ತಿ ಪ್ಯಾಕೆಟ್ ಬಿಡುತ್ತಿಲ್ಲ. ಗ್ರಾಹಕರ ಟ್ರಾಫಿಕ್ ಬೇರೆ ಬೇರೆ ಇಡಲು ಪ್ಯಾಕೆಟ್‌ಗೆ ಹಚ್ಚುವ ಎರಡು ವಿಎಲ್‌ಎಎನ್ ಟ್ಯಾಗ್‌ಗೆ 8 ಬೈಟ್, ವಿಎಕ್ಸ್‌ಎಲ್‌ಎಎನ್‌ಗೆ 50 ಬೈಟ್ ಜಾಸ್ತಿ ಬೇಕು. ಡಾರ್ಕ್ ಫೈಬರ್‌ನಲ್ಲಿ ಉಪಕರಣ ನಿಮ್ಮದೇ ಆದ್ದರಿಂದ ಎಲ್ಲ ಕಡೆ 9000 ಇಟ್ಟುಬಿಡಿ. ಗ್ರಾಹಕರಿಗೆ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ವಿಧಾನ) ಕೊಟ್ಟಿದ್ದರೆ ಅವರ ಕಡೆ ಮಿತಿ 1492, ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ಡೇಟಾದ ಮಿತಿ) 1452ಕ್ಕೆ ಕಟ್ಟಿ.

ಹಳೆಯ ಕಾರ್ಖಾನೆಗಳಲ್ಲಿ 100 ಮೆಗಾಬಿಟ್‌ನ ಮೀಡಿಯಾ ಕನ್ವರ್ಟರ್ ಈಗಲೂ ಸಿಗುತ್ತದೆ. ಒಂದು ಕಡೆ ಫುಲ್ ಡ್ಯೂಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವುದು) ಅಂತ ಬಿಗಿಮಾಡಿ, ಇನ್ನೊಂದು ಕಡೆ ಆಟೊ ಬಿಟ್ಟರೆ ಅದು ಹಾಫ್‌ಗೆ ಬೀಳುತ್ತದೆ. ಪಿಂಗ್ ಸರಿ ಇರುತ್ತದೆ, ಫೈಲ್ ಕಳಿಸಿದರೆ ತೆವಳುತ್ತದೆ. ಎರಡೂ ಕಡೆ ಆಟೊ ಇಡಿ.

ಮುಂಬೈ ಸರ್ವರ್‌ಗೆ ಒಂದೇ ಫೈಲ್ ಕಳಿಸಿ ಸ್ಪೀಡ್ ಸಾಲದು ಅನ್ನುವವರಿಗೆ ಲೆಕ್ಕ ತೋರಿಸಿ. ಹೋಗಿ ಬರಲು 20 ಮಿಲಿಸೆಕೆಂಡ್ ಹಿಡಿಯುವ ಹಾದಿಯಲ್ಲಿ, 64 ಕಿಲೋಬೈಟ್ ವಿಂಡೊ (ಉತ್ತರ ಬರುವ ಮುಂಚೆ ಒಂದೇ ಸಲ ಕಳಿಸಬಹುದಾದ ಡೇಟಾ) ಇರುವ ಹಳೆಯ ಸಾಫ್ಟ್‌ವೇರ್ ಸುಮಾರು 26 ಮೆಗಾಬಿಟ್‌ಗಿಂತ ಮೇಲೆ ಹೋಗಲಾರದು, ಲೈನ್ ಎಷ್ಟೇ ದೊಡ್ಡದಿರಲಿ.

## ಲಕ್ಷಣ: ಎರಡೂ ಹಾದಿ ಒಟ್ಟಿಗೇ ಬಿದ್ದವು

ಎರಡು ಬೇರೆ ಮಾಲೀಕರಿಂದ ಕೋರ್ ತಗೊಂಡಿದ್ದೀರಿ, ಆದರೂ ಒಂದೇ ಗುಂಡಿ ಎರಡನ್ನೂ ಕಡಿಯಿತು. ಇಬ್ಬರೂ ಒಂದೇ ಡಕ್ಟ್‌ನಲ್ಲಿ, ಇಲ್ಲವೇ ಒಂದೇ ಕಂಬದ ಸಾಲಿನಲ್ಲಿ ಹೋಗಿರುತ್ತಾರೆ. ಟೆಂಡರ್‌ಶ್ಯೂರ್ ರಸ್ತೆಗಳಂತೆ ಎಲ್ಲರಿಗೂ ಸೇರಿ ಡಕ್ಟ್ ಮಾಡಿರುವ ಕಡೆ ಕೇಬಲ್ ಸುರಕ್ಷಿತವೇ, ಆದರೆ ಎಲ್ಲರೂ ಅಲ್ಲೇ ಇರುತ್ತಾರೆ. ಬಿಲ್ ಬೇರೆ ಬೇರೆ ಬಂದ ಮಾತ್ರಕ್ಕೆ ಹಾದಿ ಬೇರೆ ಆಗಲ್ಲ. ಎರಡೂ ರೂಟ್ ನಕ್ಷೆ ಒಂದರ ಮೇಲೊಂದು ಇಟ್ಟು ನೋಡಿ. ಮುಖ್ಯವಾಗಿ ಕಟ್ಟಡದೊಳಗೆ ಬರುವ ಕೊನೆಯ 100 ಮೀಟರ್.

ಇನ್ನೊಂದು ಕಾರಣ ಮೆಲ್ಲಗೆ ಬರುತ್ತದೆ. ದೊಡ್ಡ ಕಟ್ ಆದಾಗ ಮಾಲೀಕರು ತುರ್ತಿಗೆ ನಿಮ್ಮನ್ನು ಬೇರೆ ಕೇಬಲ್‌ಗೆ ಹಾಕುತ್ತಾರೆ. ಲಿಂಕ್ ಬಂತು ಅಂತ ನಾವು ಸುಮ್ನೆ ಆಗುತ್ತೇವೆ. ಹಾದಿ 14ರಿಂದ 22 ಕಿ.ಮೀ. ಆಗಿರುತ್ತದೆ, ನಿಮ್ಮ ಎರಡನೇ ಹಾದಿಯ ಪಕ್ಕದಲ್ಲೇ ಹೋಗಿರುತ್ತದೆ.

## ರಿಪೇರಿ ಆದ ಮೇಲೆ

'ಲಿಂಕ್ ಅಪ್' ಅಂದ ತಕ್ಷಣ ದೂರು ಮುಚ್ಚಬೇಡಿ. ಎರಡೂ ತುದಿಯಿಂದ ಹೊಸ ಟ್ರೇಸ್ ತೆಗೆಯಿರಿ. ಒಟ್ಟು ಉದ್ದ ಹಳೆಯದರ ಹತ್ತಿರ ಇದೆಯಾ, ಹೊಸ ಜಾಯಿಂಟ್ ಎಷ್ಟು, ಪ್ರತಿಯೊಂದರ ನಷ್ಟ ಎಷ್ಟು ಅಂತ ಹೋಲಿಸಿ. ಸಾಮಾನ್ಯವಾಗಿ ಒಂದು ಕಟ್‌ಗೆ ಮಧ್ಯೆ ತುಂಡು ಸೇರಿಸಿ ಎರಡು ಜಾಯಿಂಟ್ ಹಾಕುತ್ತಾರೆ. ಒಳ್ಳೆಯ ಫ್ಯೂಷನ್ ಜಾಯಿಂಟ್‌ನಲ್ಲಿ 0.1 ಡಿಬಿಗಿಂತ ಕಡಿಮೆ ಹೋಗುತ್ತದೆ. ಎರಡೂ ದಿಕ್ಕಿನ ಸರಾಸರಿ 0.3 ದಾಟಿದ್ದರೆ ಮತ್ತೆ ಮಾಡಿಕೊಡಿ ಅಂತ ಕೇಳಿ. ಕೇಳುವುದಾದರೆ ತಂಡ ಇನ್ನೂ ಅಲ್ಲೇ ಇರುವಾಗ ಕೇಳಿ. ಚೇಂಬರ್ ಮುಚ್ಚಿ, ಮೇಲೆ ಟಾರು ಬಿದ್ದ ಮೇಲೆ ಅದೇ ಜಾಯಿಂಟ್ ಬಿಚ್ಚಿಸುವುದಕ್ಕೆ ರಸ್ತೆ ಅಗೆಯುವ ಅನುಮತಿಯಿಂದ ಶುರುಮಾಡಬೇಕು.